ಒಡವೆಯ ಅಳತೆಗೆ ಮುನ್ನ ವ್ರತದ ಮಿತಿ

ಮುಂಬಯಿಯ ಗೋರೆಗಾಂವ್‌ನಲ್ಲಿರುವ ನೆಸ್ಕೋ ಆವರಣವು ಭಾರತ ಅಂತರರಾಷ್ಟ್ರೀಯ ಆಭರಣ ಪ್ರದರ್ಶನದ ನೆಲೆಗಳಲ್ಲೊಂದು. ಅದು ವರ್ತಕರಿಗಾಗಿ ನಡೆಯುವ ಮೇಳವಾದರೂ, ಅಲ್ಲಿ ಮೆಚ್ಚುಗೆ ಪಡೆದ ಮಾದರಿಗಳು ಬಲುಬೇಗ ಮದುವೆ ಮನೆಗಳನ್ನು ಮುಟ್ಟುತ್ತವೆ. ಮೇಳ ನಡೆಯುವುದು ಮಳೆಗಾಲದಲ್ಲಿ. ಅದರ ಹಿಂದೆಯೇ ಭಾದ್ರಪದದ ದಶಲಕ್ಷಣ ಪರ್ವ. ಆ ಪರ್ವದ ಒಂಬತ್ತನೆಯ ಧರ್ಮ ಉತ್ತಮ ಆಕಿಂಚನ್ಯ. ಈ ಎರಡರ ನಡುವೆ ಸಮಾಜ ತನ್ನ ನಿಲುವನ್ನು ಕಂಡುಕೊಳ್ಳಬೇಕಾಗಿದೆ.

ಹೇಳಿ ಮಾಡಿಸುವ ಒಡವೆಯ ರೀತಿ ಇಂದು ಬದಲಾಗಿದೆ. 2024ರ ಜುಲೈಯಲ್ಲಿ ಕೇಂದ್ರ ಸರ್ಕಾರ ಚಿನ್ನದ ಆಮದು ಸುಂಕವನ್ನು ಶೇ. 15ರಿಂದ 6ಕ್ಕೆ ಇಳಿಸಿದರೂ, 2025ರ ಏಪ್ರಿಲ್‌ನಲ್ಲಿ 10 ಗ್ರಾಂ ಚಿನ್ನದ ಬೆಲೆ ಒಂದು ಲಕ್ಷ ರೂಪಾಯಿಯನ್ನು ಮುಟ್ಟಿತು. ಆದ್ದರಿಂದ 22 ಕ್ಯಾರಟ್‌ನ ಜಾಗಕ್ಕೆ 18 ಕ್ಯಾರಟ್ ಬರುತ್ತಿದೆ. ಪದಕವನ್ನು ಬಿಡಿಸಿ ಬೇರೆಯಾಗಿ ತೊಡಬಹುದಾದ ಹಾರಗಳಿಗೆ ಬೇಡಿಕೆಯಿದೆ. ಅಜ್ಜಿಯ ಕಾಸಿನ ಸರ ಕರಗಿ ಮೊಮ್ಮಗಳ ಹಗುರ ಸರವಾಗುತ್ತಿದೆ. ಪ್ರಯೋಗಾಲಯದಲ್ಲಿ ಬೆಳೆಸಿದ ವಜ್ರ ಅಗ್ಗವಾಗಿ ದೊರೆಯುತ್ತದೆ. ಆದರೆ ಮರಳಿ ಮಾರಹೋದರೆ ಅದಕ್ಕೆ ಸಿಗುವ ಬೆಲೆ ತೀರ ಕಡಿಮೆ.

ತೂಕ ಇಳಿದುದು ಒಳ್ಳೆಯದೇ. ಆದರೆ ಒಡವೆ ಹಗುರವಾದಂತೆ ಸಂಖ್ಯೆ ಹೆಚ್ಚಿದರೆ ಪರಿಗ್ರಹ ಇಳಿಯಲಿಲ್ಲ. ಹಿರಣ್ಯ ಸುವರ್ಣಗಳ ಪ್ರಮಾಣವನ್ನು ಮೀರುವುದು ಪರಿಗ್ರಹ ಪರಿಮಾಣ ವ್ರತದ ಅತಿಚಾರವೆಂದು ತತ್ತ್ವಾರ್ಥಸೂತ್ರ ಎಣಿಸಿದೆ. ಮಿತಿಯನ್ನು ಮೊದಲು ಗೊತ್ತುಮಾಡಿಕೊಂಡು ಆಮೇಲೆ ಅಕ್ಕಸಾಲಿಗನ ಬಳಿ ಹೋಗುವುದೇ ಗೃಹಸ್ಥನಿಗೆ ತಕ್ಕ ಕ್ರಮ. ಇಂದು ಅನೇಕ ಮನೆಗಳಲ್ಲಿ ಆ ಮಿತಿಯನ್ನು ನಿಶ್ಚಯಿಸುವುದು ಬೀಗರ ನಿರೀಕ್ಷೆ. ಬಾಯಿಬಿಟ್ಟು ಕೇಳದಿದ್ದರೂ ನಿರೀಕ್ಷೆಯ ಒತ್ತಡದಿಂದ ಕೊಟ್ಟ ಚಿನ್ನ ವರದಕ್ಷಿಣೆಯ ಇನ್ನೊಂದು ಮುಖವೇ ಸರಿ.

ಇದರಲ್ಲಿ ಹೆಣ್ಣುಮಗಳ ಹಕ್ಕಿನ ಪ್ರಶ್ನೆಯೂ ಇದೆ. ಸ್ತ್ರೀಧನ ಆಕೆಯ ಸಂಪೂರ್ಣ ಸ್ವತ್ತು, ಅದರ ಮೇಲೆ ಪತಿಗೆ ಅಧಿಕಾರವಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯ 2024ರಲ್ಲಿ ಮತ್ತೊಮ್ಮೆ ಸ್ಪಷ್ಟಪಡಿಸಿತು. ಮದುವೆಯಲ್ಲಿ ಬಂದ ಉಡುಗೊರೆಗಳ ಪಟ್ಟಿ ಬರೆದಿಡಬೇಕೆಂದು 1985ರಿಂದಲೇ ನಿಯಮವಿದೆ. ಆದರೂ ಊಟದ ಪಟ್ಟಿ ಬರೆಯುವ ಮನೆಗಳಲ್ಲಿ ಈ ಪಟ್ಟಿ ಬರೆಯುವ ರೂಢಿ ಬೆಳೆದಿಲ್ಲ. ಬಿಲ್ಲು ಆಕೆಯ ಹೆಸರಿನಲ್ಲಿರಲಿ. ಪಟ್ಟಿಗೆ ಎರಡೂ ಕಡೆಯವರ ಸಹಿ ಬೀಳಲಿ.

ಕೊಳ್ಳುವಾಗಲೂ ಎಚ್ಚರ ಬೇಕು. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್‌ನೊಂದಿಗೆ ಆರು ಅಕ್ಷರಾಂಕಗಳ ಗುರುತು ಕಡ್ಡಾಯವಾಗಿದೆ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಅದನ್ನು ಪರೀಕ್ಷಿಸಬಹುದು. ಆದರೆ ಕುಂದನ್, ಪೋಲ್ಕಿ, ಜಡಾವು ಒಡವೆಗಳಿಗೆ ಈ ಕಡ್ಡಾಯದಿಂದ ವಿನಾಯಿತಿ ಇದೆ. ಅವುಗಳೊಳಗೆ ಅರಗು ತುಂಬಿರುವುದುಂಟು. ಚಿನ್ನ, ಕಲ್ಲು, ಅರಗುಗಳ ತೂಕವನ್ನು ಬೇರೆಬೇರೆಯಾಗಿ ಬರೆಸದಿದ್ದರೆ ಅರಗೂ ಚಿನ್ನದ ಬೆಲೆಗೆ ಬಂದೀತು.

ಹತ್ತನೆಯ ಶತಮಾನದ ಅತ್ತಿಮಬ್ಬೆಯೂ ಸಿರಿವಂತೆಯೇ. ಆಕೆ ಮಾಡಿಸಿದ್ದು ಜಿನಬಿಂಬಗಳನ್ನು. ಬರೆಯಿಸಿದ್ದು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು. ಆಕೆಯ ಕೊರಳಲ್ಲಿ ಎಷ್ಟು ಚಿನ್ನವಿತ್ತೆಂದು ಯಾರೂ ನೆನೆಯುವುದಿಲ್ಲ. ದಾನಚಿಂತಾಮಣಿ ಎಂಬ ಹೆಸರು ಮಾತ್ರ ಸಾವಿರ ವರ್ಷ ಉಳಿದಿದೆ. ಊರಿನಿಂದ ದೂರದ ಮಹಾನಗರದಲ್ಲಿರುವ ಕನ್ನಡ ಜೈನ ಕುಟುಂಬಗಳು ಒಂದು ಸರದ ಮಜೂರಿಯನ್ನು ಉಳಿಸಿ ಒಬ್ಬ ವಿದ್ಯಾರ್ಥಿನಿಯ ಶುಲ್ಕ ಕಟ್ಟಿದರೂ ಸಾಕು. ಅಷ್ಟರಮಟ್ಟಿಗೆ ಆ ಪರಂಪರೆ ಮುಂದುವರಿಯುತ್ತದೆ.