ಪೆಟ್ಟಿಗೆಯ ಜಾಡಿನಲ್ಲಿ ಹಕ್ಕಿಯ ಪಾಠ

(ಪರಿಸರಾಸಕ್ತರ ಕೂಟದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಮಕ್ಕಳನ್ನು ನಿಸರ್ಗದತ್ತ ಕರೆದೊಯ್ಯುವುದು ಹೇಗೆ ಎಂಬುದು ಪರಿಸರ ಶಿಕ್ಷಣದಲ್ಲಿ ತೊಡಗಿದವರೆಲ್ಲರನ್ನೂ ಕಾಡುವ ಪ್ರಶ್ನೆ. ಪಕ್ಷಿವೀಕ್ಷಣೆಗೆಂದು ಮುಂಜಾವದಲ್ಲಿ ಎಬ್ಬಿಸಿ ಕರೆದೊಯ್ದರೆ ಅರ್ಧ ಗಂಟೆಯೊಳಗೆ ಹಲವು ಮಕ್ಕಳಿಗೆ ಬೇಸರ ಬರುತ್ತದೆ. ಹಕ್ಕಿ ಹೇಳಿದ ಹೊತ್ತಿಗೆ ಬರುವುದಿಲ್ಲ. ಬಂದರೂ ಎಲೆಗಳ ಮರೆಯಲ್ಲಿ ಕೂರುತ್ತದೆ. ಆದರೆ ‘ಈ ಗುಡ್ಡದಲ್ಲಿ ಎಲ್ಲೋ ಒಂದು ಪೆಟ್ಟಿಗೆಯನ್ನು ಬಚ್ಚಿಡಲಾಗಿದೆ, ಹುಡುಕಿರಿ’ ಎಂದರೆ ಅದೇ ಮಕ್ಕಳು ಎರಡು ಮೈಲಿ ದಣಿವಿಲ್ಲದೆ ನಡೆಯುತ್ತಾರೆ. ಈ ಸರಳ ಸಂಗತಿಯ ಮೇಲೆ ನಿಂತಿರುವ ಆಟವೇ ಜಿಯೋಕ್ಯಾಶಿಂಗ್. ಹಕ್ಕಿಗಳ ಬಗ್ಗೆ ಈ ಆಟ ಏನನ್ನು ಕಲಿಸಬಲ್ಲದು, ಹಕ್ಕಿಗಳಿಗೆ ಅದರಿಂದ ಯಾವ ಅಪಾಯ ಬರಬಲ್ಲದು ಎಂಬ ಎರಡನ್ನೂ ಪರಿಶೀಲಿಸುವುದು ಈ ಮಾತುಗಳ ಉದ್ದೇಶ.

ಆಟದ ಹುಟ್ಟು

ಭೂಮಿಯನ್ನು ಸುತ್ತುವ ಉಪಗ್ರಹಗಳ ಸಂಕೇತಗಳನ್ನು ಹಿಡಿದು, ತಾನು ಇರುವ ಸ್ಥಳದ ಅಕ್ಷಾಂಶ ರೇಖಾಂಶಗಳನ್ನು ತಿಳಿಸುವ ಉಪಕರಣಕ್ಕೆ ಜಿಪಿಎಸ್ ಎಂದು ಹೆಸರು. ಅಮೆರಿಕದ ಸೇನೆಯ ಅಗತ್ಯಕ್ಕಾಗಿ ರೂಪುಗೊಂಡ ಈ ವ್ಯವಸ್ಥೆಯ ಸಂಕೇತವನ್ನು ಜನಸಾಮಾನ್ಯರಿಗೆ ಬೇಕೆಂದೇ ಮಸುಕುಗೊಳಿಸಿ ಕೊಡಲಾಗುತ್ತಿತ್ತು. ಹೀಗಾಗಿ ಉಪಕರಣ ತೋರಿಸುವ ಜಾಗಕ್ಕೂ ನಿಜವಾದ ಜಾಗಕ್ಕೂ ನೂರು ಮೀಟರಿನಷ್ಟು ಅಂತರ ಬೀಳುತ್ತಿತ್ತು. 2000ದ ಮೇ ತಿಂಗಳ ಆರಂಭದಲ್ಲಿ ಅಧ್ಯಕ್ಷ ಬಿಲ್ ಕ್ಲಿಂಟನ್ ಅವರ ಆದೇಶದಂತೆ ಆ ಮಸುಕನ್ನು ತೆಗೆಯಲಾಯಿತು. ತಪ್ಪು ಒಮ್ಮೆಲೇ ಹತ್ತಿಪ್ಪತ್ತು ಮೀಟರಿಗೆ ಇಳಿಯಿತು.

ಅದನ್ನು ಪರೀಕ್ಷಿಸಬೇಕೆಂಬ ಕುತೂಹಲದಿಂದ ಡೇವ್ ಉಲ್ಮರ್ ಎಂಬವರು ಅದೇ ಮೇ 3ರಂದು ಒರೆಗಾನ್ ರಾಜ್ಯದ ಬೀವರ್‌ಕ್ರೀಕ್ ಬಳಿ ಒಂದು ಬಕೆಟ್ಟನ್ನು ಇಟ್ಟು, ಅದರ ಅಕ್ಷಾಂಶ ರೇಖಾಂಶಗಳನ್ನು ಪ್ರಕಟಿಸಿದರು. ಕೆಲವೇ ದಿನಗಳಲ್ಲಿ ಅದನ್ನು ಹುಡುಕಿದವರೂ ಸಿಕ್ಕರು. ಆ ತಿಂಗಳು ಮುಗಿಯುವುದರೊಳಗೆ ಆಟಕ್ಕೆ ಜಿಯೋಕ್ಯಾಶಿಂಗ್ ಎಂಬ ಹೆಸರು ಬಂತು. ಇಲ್ಲಿ ಕ್ಯಾಶ್ ಎಂದರೆ ನಗದು ಹಣವಲ್ಲ. ಬಚ್ಚಿಡು ಎಂಬರ್ಥದ ಫ್ರೆಂಚ್ ಮಾತಿನಿಂದ ಬಂದ ಪದವದು. ಉತ್ತರ ಅಮೆರಿಕದ ಕಾಡುಗಳಲ್ಲಿ ತಿರುಗುತ್ತಿದ್ದ ತುಪ್ಪಳದ ವ್ಯಾಪಾರಿಗಳು ದಾರಿಯಲ್ಲಿ ಬಚ್ಚಿಡುತ್ತಿದ್ದ ಆಹಾರದ ದಾಸ್ತಾನಿಗೂ ಇದೇ ಹೆಸರಿತ್ತು.

ಬಚ್ಚಿಟ್ಟು ಹುಡುಕುವ ಹವ್ಯಾಸ ಹೊಸತೇನೂ ಅಲ್ಲ. ಇಂಗ್ಲೆಂಡಿನ ಡಾರ್ಟ್‌ಮೂರ್ ಬಯಲಿನ ದುರ್ಗಮ ಸ್ಥಳವೊಂದರಲ್ಲಿ 1854ರಲ್ಲಿ ಮಾರ್ಗದರ್ಶಕನೊಬ್ಬ ಒಂದು ಬಾಟಲಿಯನ್ನಿಟ್ಟು, ಅಲ್ಲಿಯವರೆಗೆ ನಡೆದುಬಂದವರು ತಮ್ಮ ಹೆಸರಿನ ಚೀಟಿಯನ್ನು ಅದರಲ್ಲಿ ಹಾಕುವ ಪದ್ಧತಿಯನ್ನು ಆರಂಭಿಸಿದ್ದ. ಜಿಯೋಕ್ಯಾಶಿಂಗ್ ಆ ಹಳೆಯ ಹವ್ಯಾಸಕ್ಕೆ ಉಪಗ್ರಹದ ನೆರವನ್ನು ಜೋಡಿಸಿತು.

ನಿಯಮಗಳು ಸರಳ. ಮಳೆನೀರು ಒಳಗಿಳಿಯದ ಡಬ್ಬದಲ್ಲಿ ಒಂದು ಪುಸ್ತಕವಿರುತ್ತದೆ. ಹುಡುಕಿದವರು ಅದರಲ್ಲಿ ಹೆಸರು, ದಿನಾಂಕ ಬರೆಯಬೇಕು. ಒಳಗಿನ ಸಣ್ಣ ವಸ್ತುವೊಂದನ್ನು ತೆಗೆದುಕೊಂಡರೆ ಅಷ್ಟೇ ಬೆಲೆಯ ಇನ್ನೊಂದನ್ನು ಇಡಬೇಕು. ಡಬ್ಬವನ್ನು ಇದ್ದ ಜಾಗದಲ್ಲೇ ಇದ್ದ ಹಾಗೆಯೇ ಮರಳಿಸಬೇಕು. ಉಲ್ಮರ್ ಅವರ ಮೊದಲ ಬಕೆಟ್ಟನ್ನು ಅರ್ಧ ಹೂತಿಡಲಾಗಿತ್ತು. ಅದರೊಳಗೆ ಹುರುಳಿಕಾಯಿ ಬೀಜದ ಡಬ್ಬಿಯೊಂದೂ ಇತ್ತು. ಇಂದು ಇವೆರಡಕ್ಕೂ ನಿಷೇಧವಿದೆ. ನೆಲ ಅಗೆಯುವಂತಿಲ್ಲ, ವಾಸನೆಗೆ ಪ್ರಾಣಿಗಳು ಬರುವುದರಿಂದ ತಿನಿಸು ಇಡುವಂತಿಲ್ಲ. ಹುಡುಕಲು ಹೋದವರು ದಾರಿಯ ಕಸವನ್ನು ಹೆಕ್ಕಿ ತರಬೇಕೆಂಬ ಅಭಿಯಾನವೂ 2002ರಲ್ಲಿ ಆರಂಭವಾಯಿತು.

ಮಿನ್ನೆಸೋಟದ ಹಕ್ಕಿ ಕಾರ್ಡುಗಳು

ಈ ಆಟವನ್ನು ಪಕ್ಷಿಪಾಠಕ್ಕೆ ಬಳಸಿದ ಒಳ್ಳೆಯ ಉದಾಹರಣೆ ಅಮೆರಿಕದ ಉತ್ತರಕ್ಕಿರುವ ಮಿನ್ನೆಸೋಟ ರಾಜ್ಯದ್ದು. ಸಾವಿರಾರು ಸರೋವರಗಳ ನಾಡದು. ಅಲ್ಲಿನ ನಿಸರ್ಗ ಸಂಪನ್ಮೂಲ ಇಲಾಖೆಯು ಜಿಯೋಕ್ಯಾಶಿಂಗ್ ಆಸಕ್ತರ ಸಂಘದ ಸಹಕಾರದಿಂದ 2010ರ ದಶಕದಲ್ಲಿ ‘ಏವಿಯನ್ ಅಡ್ವೆಂಚರ್’, ಅಂದರೆ ಪಕ್ಷಿ ಸಾಹಸ, ಎಂಬ ಕಾರ್ಯಕ್ರಮವನ್ನು ನಡೆಸಿತು. ರಾಜ್ಯದ ಉದ್ಯಾನಗಳಲ್ಲಿ ಪೆಟ್ಟಿಗೆಗಳನ್ನಿಟ್ಟು, ಅವುಗಳಲ್ಲಿ ಹಕ್ಕಿಯ ಚಿತ್ರ ಮತ್ತು ವಿವರಗಳಿರುವ ಕಾರ್ಡುಗಳನ್ನು ಇರಿಸಲಾಯಿತು. ಪೆಟ್ಟಿಗೆ ಸಿಕ್ಕವರಿಗೆ ಒಂದು ಕಾರ್ಡು. ಇನ್ನೊಂದು ಹಕ್ಕಿಯ ಕಾರ್ಡು ಬೇಕೆಂದರೆ ಇನ್ನೊಂದು ಉದ್ಯಾನಕ್ಕೆ ಹೋಗಬೇಕು, ಅಲ್ಲಿನ ಕಾಲುದಾರಿಯಲ್ಲಿ ನಡೆಯಬೇಕು. ಮಕ್ಕಳು ಕಾರ್ಡು ಕೂಡಿಸುವ ಆಸೆಗೆ ಹೊರಟು, ಹೋಗುತ್ತ ಹೋಗುತ್ತ ಜವುಗನ್ನು, ಹುಲ್ಲುಗಾವಲನ್ನು, ಸೂಚಿಪರ್ಣ ಕಾಡನ್ನು ಕಂಡರು.

ಅಂಥ ಪಾಠದಲ್ಲಿ ಏನಿರಬಲ್ಲದು ಎಂಬುದಕ್ಕೆ 1961ರಿಂದ ಆ ರಾಜ್ಯದ ಅಧಿಕೃತ ಪಕ್ಷಿಯಾಗಿರುವ ಲೂನ್ ಹಕ್ಕಿಯನ್ನೇ ನೋಡಬಹುದು. ಬಹುತೇಕ ಹಾರುವ ಹಕ್ಕಿಗಳ ಮೂಳೆಗಳು ಟೊಳ್ಳು. ಲೂನ್‌ನ ಹಲವು ಮೂಳೆಗಳು ಗಟ್ಟಿ. ಆ ಭಾರದಿಂದಲೇ ಅದು ಆಳಕ್ಕೆ ಮುಳುಗಿ ಮೀನು ಹಿಡಿಯಬಲ್ಲದು. ಅದೇ ಭಾರದಿಂದಾಗಿ ಹಾರುವ ಮುನ್ನ ನೀರಿನ ಮೇಲೆ ಬಹುದೂರ ಓಡಬೇಕಾಗುತ್ತದೆ. ಕಾಲುಗಳು ದೇಹದ ತೀರ ಹಿಂದಿರುವುದರಿಂದ ನೆಲದ ಮೇಲೆ ನಡೆಯಲಾರದು. ಆದುದರಿಂದ ನೀರಿನ ಅಂಚಿನಲ್ಲೇ ಗೂಡು ಕಟ್ಟುತ್ತದೆ. ಇಷ್ಟು ತಿಳಿದ ಮಗುವಿಗೆ, ಮೋಟಾರು ದೋಣಿ ದಡದ ಬಳಿ ವೇಗವಾಗಿ ಸಾಗಿದರೆ ಏಕೆ ಕೆಡುಕು ಎಂದು ಬೇರೆ ಹೇಳಬೇಕಾಗಿಲ್ಲ. ಅಲೆ ಗೂಡಿನ ಮೇಲೆ ಹರಿಯುತ್ತದೆ. ಗಾಳದ ದಾರಕ್ಕೆ ಕಟ್ಟುವ ಸೀಸದ ಗುಂಡನ್ನು ನುಂಗಿದ ಲೂನ್ ವಿಷವೇರಿ ಸಾಯುತ್ತದೆ ಎಂದರೆ, ಅಪ್ಪನ ಗಾಳದ ಡಬ್ಬಿಯನ್ನು ತೆರೆದು ನೋಡುವ ಮಗುವೂ ಇರುತ್ತದೆ. ತಿಳಿವಳಿಕೆ ನಡವಳಿಕೆಯಾಗುವುದು ಹೀಗೆ.

ಬಚ್ಚಿಡುವ ಹಕ್ಕಿಗಳು

ವಾಸ್ತವದಲ್ಲಿ ಈ ಆಟದ ನಿಪುಣ ಆಟಗಾರರು ಮನುಷ್ಯರಲ್ಲ, ಆ ಕಾಡಿನ ಹಕ್ಕಿಗಳೇ. ಹತ್ತು ಹದಿನೈದು ಗ್ರಾಂ ತೂಗುವ ಚಿಕಡೀ ಎಂಬ ಕರಿನೆತ್ತಿಯ ಹಕ್ಕಿ ಚಳಿಗಾಲಕ್ಕೆಂದು ಬೀಜಗಳನ್ನು ಒಂದೊಂದಾಗಿ ಬೇರೆ ಬೇರೆ ಬಿರುಕುಗಳಲ್ಲಿ ಸಿಕ್ಕಿಸುತ್ತದೆ. ವಾರಗಳ ಬಳಿಕವೂ ಆ ಜಾಗಗಳಿಗೇ ಮರಳಿ ಬರುತ್ತದೆ. ಉಪಗ್ರಹವಿಲ್ಲ, ಅಂಕಿಯಿಲ್ಲ, ಇರುವುದು ನೆನಪು ಮಾತ್ರ.

ಕಾಗೆಯ ಕುಟುಂಬಕ್ಕೆ ಸೇರಿದ ಕೆನಡಾ ಜೇ ಇನ್ನೂ ಒಂದು ಹೆಜ್ಜೆ ಮುಂದೆ. ಅದು ಮಾಂಸದ ಚೂರು, ಹಣ್ಣು, ಕೀಟಗಳನ್ನು ಅಂಟುಜೊಲ್ಲಿನಿಂದ ಉಂಡೆಮಾಡಿ ಮರದ ತೊಗಟೆಯ ಸಂದಿಗಳಲ್ಲಿ ಅಂಟಿಸುತ್ತದೆ. ಹಿಮ ಕರಗುವ ಮೊದಲೇ ಗೂಡು ಕಟ್ಟಿ, ಆ ದಾಸ್ತಾನಿನ ಬಲದಿಂದ ಮರಿಗಳನ್ನು ಸಾಕುತ್ತದೆ. ಈ ದಾಸ್ತಾನು ಕೆಡದೆ ಉಳಿಯಲು ಚಳಿ ಬೇಕು. ಕೆನಡಾದ ಅಲ್ಗಾಂಕ್ವಿನ್ ಉದ್ಯಾನದಲ್ಲಿ ಈ ಹಕ್ಕಿಗಳನ್ನು ದಶಕಗಳಿಂದ ಅಧ್ಯಯನ ಮಾಡುತ್ತಿರುವ ವಿಜ್ಞಾನಿಗಳು ಅವುಗಳ ಸಂಖ್ಯೆ ಬಹಳ ಕುಸಿದಿರುವುದನ್ನು ಗುರುತಿಸಿದ್ದಾರೆ. ಶರತ್ಕಾಲ ಬೆಚ್ಚಗಾಗುತ್ತಿರುವುದರಿಂದ ಬಚ್ಚಿಟ್ಟ ಆಹಾರ ಕೊಳೆಯುತ್ತಿದೆ ಎಂಬುದು ಅವರು ಕೊಡುವ ಮುಖ್ಯ ವಿವರಣೆ. ಹವಾಮಾನ ಬದಲಾವಣೆ ಎಂಬ ದೊಡ್ಡ ಮಾತು ಮಗುವಿಗೆ ಎಟುಕದು. ಆದರೆ ತಾನೂ ಒಂದು ಪೆಟ್ಟಿಗೆಯನ್ನು ಬಚ್ಚಿಟ್ಟು, ಮರಳಿ ಬಂದಾಗ ಅದು ಹಾಳಾಗಿರುವುದನ್ನು ಕಂಡ ಮಗುವಿಗೆ ಆ ಹಕ್ಕಿಯ ಸಂಕಟ ಎಟುಕುತ್ತದೆ.

ಆಟವೇ ಕಾಟವಾದಾಗ

ಇಷ್ಟು ಹೊಗಳಿಕೆಯ ಬಳಿಕ ಎಚ್ಚರಿಕೆಯ ಮಾತು ಅಗತ್ಯ. ಪೆಟ್ಟಿಗೆ ಒಂದೇ, ಹುಡುಕುವವರು ನೂರಾರು. ಎಲ್ಲರೂ ಒಂದೇ ಬಿಂದುವಿನತ್ತ ನಡೆದರೆ ದಾರಿಯಿಲ್ಲದಲ್ಲಿ ದಾರಿ ಮೂಡುತ್ತದೆ. ಕಲ್ಲುಗಳನ್ನು ಮಗುಚಿ, ಪೊಟರೆಗಳಿಗೆ ಕೈಹಾಕಿ ಹುಡುಕುವುದರಿಂದ ಅಲ್ಲಿ ಬದುಕಿದ್ದ ಜೀವಿಗಳು ನೆಲೆ ಕಳೆದುಕೊಳ್ಳುತ್ತವೆ. ಜರ್ಮನಿಯಲ್ಲಿ ಗುಹೆಗಳೊಳಗೆ ಇಟ್ಟ ಪೆಟ್ಟಿಗೆಗಳಿಂದ ಚಳಿನಿದ್ರೆಯಲ್ಲಿದ್ದ ಬಾವಲಿಗಳಿಗೆ, ಬಂಡೆಗಳ ಮೇಲೆ ಇಟ್ಟವುಗಳಿಂದ ಅಲ್ಲಿ ಗೂಡುಮಾಡುವ ದೊಡ್ಡ ಕೊಂಬಿನ ಗೂಬೆಗಳಿಗೆ ತೊಂದರೆಯಾಗುತ್ತದೆಂದು ಸಂರಕ್ಷಣಾಸಕ್ತರು ಆಕ್ಷೇಪಿಸಿದರು. ಚಳಿನಿದ್ರೆಯ ನಡುವೆ ಎಚ್ಚೆತ್ತ ಬಾವಲಿ ಮೈಯಲ್ಲಿ ಕೂಡಿಟ್ಟ ಕೊಬ್ಬನ್ನು ವ್ಯರ್ಥವಾಗಿ ಕರಗಿಸಿಕೊಳ್ಳುತ್ತದೆ; ಮೇಲಿಂದ ಮೇಲೆ ಹಾಗಾದರೆ ವಸಂತವನ್ನು ಕಾಣುವುದಿಲ್ಲ. ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿಯೂ ಆಡಳಿತದ ಅನುಮತಿಯಿಲ್ಲದೆ ಪೆಟ್ಟಿಗೆ ಇಡುವಂತಿಲ್ಲ.

ಇದಕ್ಕೆ ಪರಿಹಾರವೂ ಆಟದೊಳಗಿಂದಲೇ ಬಂತು. 2004ರಲ್ಲಿ ಅಮೆರಿಕದ ಭೂವಿಜ್ಞಾನ ಸೊಸೈಟಿಯ ಬೆಂಬಲದಿಂದ ‘ಅರ್ಥ್‌ಕ್ಯಾಶ್’ ಎಂಬ ಬಗೆ ಆರಂಭವಾಯಿತು. ಅದರಲ್ಲಿ ಪೆಟ್ಟಿಗೆಯೇ ಇಲ್ಲ. ಸ್ಥಳ ತಲುಪಿದವರು ಅಲ್ಲಿನ ಬಂಡೆಯನ್ನೋ ಜಲಪಾತವನ್ನೋ ಗಮನಿಸಿ ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಬೇಕು. ಪಕ್ಷಿಪಾಠಕ್ಕೆ ಹೆಚ್ಚು ಒಪ್ಪುವುದು ಈ ಮಾದರಿ. ಮಿನ್ನೆಸೋಟದ ಕಾಡಿನಲ್ಲಿ ಕಾಗೆಯಷ್ಟು ದೊಡ್ಡದಾದ ಪೈಲಿಯೇಟೆಡ್ ಮರಕುಟಿಗವಿದೆ. ಬಡಗಿ ಇರುವೆಗಳನ್ನು ಅರಸಿ ಅದು ಕೊರೆಯುವ ಕುಳಿ ದುಂಡಗಿರುವುದಿಲ್ಲ, ಆಯತಾಕಾರವಾಗಿರುತ್ತದೆ. ‘ಈ ಮರದ ಕುಳಿಯ ಆಕಾರವೇನು? ಒಳಗೆ ಯಾವ ಕೀಟದ ಗುರುತುಗಳಿವೆ?’ ಎಂದು ಕೇಳಿದರೆ ಸಾಕು. ಹಕ್ಕಿ ಅಂದು ಬಾರದಿದ್ದರೂ ಪಾಠ ನಿಲ್ಲುವುದಿಲ್ಲ. ಹಕ್ಕಿಗೆ ತೊಂದರೆಯೂ ಇಲ್ಲ.

ಮಲೆನಾಡಿಗೆ ಒಪ್ಪುವ ಬಗೆ

ಇಂದು ಮಲೆನಾಡಿನ ಹಳ್ಳಿಗಳಲ್ಲಿಯೂ ಫೋನೇ ಜಿಪಿಎಸ್ ಉಪಕರಣವಾಗಿದೆ. ಆದುದರಿಂದ ಈ ಆಟವನ್ನು ಇಲ್ಲಿ ಆಡಿಸಲು ಖರ್ಚಿಲ್ಲ. ಆದರೆ ಕೆಡುಕು ಮಾಡಲೂ ಖರ್ಚಿಲ್ಲ. ಮಂಗಟ್ಟೆಯ ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಹೆಣ್ಣು ಮಂಗಟ್ಟೆ ಹಳೆಯ ಮರದ ಪೊಟರೆಯೊಳಗೆ ಸೇರಿ ಬಾಯಿಯನ್ನು ಮುಚ್ಚಿಕೊಂಡು, ಕೊಕ್ಕಿನಷ್ಟೇ ಸೀಳನ್ನು ಉಳಿಸಿಕೊಳ್ಳುತ್ತದೆ. ವಾರಗಟ್ಟಲೆ ಅದರ ಆಹಾರವೆಲ್ಲ ಗಂಡು ತಂದುಕೊಡುವ ಹಣ್ಣು, ಹುಳುಗಳೇ. ಮರದ ಕೆಳಗೆ ಜನ ನಿಂತಿದ್ದರೆ ಗಂಡು ಹತ್ತಿರ ಬರಲು ಅಂಜುತ್ತದೆ. ಒಳಗಿರುವ ತಾಯಿ ಮರಿಗಳು ಹಸಿದಿರುತ್ತವೆ. ಅಂಥ ಮರದ ಅಕ್ಷಾಂಶ ರೇಖಾಂಶ ಒಬ್ಬರ ಫೋನಿನಿಂದ ಹತ್ತು ಫೋನುಗಳಿಗೆ ಹೋದರೆ ಅದನ್ನು ಹಿಂದಕ್ಕೆ ಪಡೆಯುವ ದಾರಿಯಿಲ್ಲ. ಮಂಗಟ್ಟೆ ಅದೇ ಮರಕ್ಕೆ ವರ್ಷವರ್ಷವೂ ಮರಳುವ ಹಕ್ಕಿಯಾದುದರಿಂದ ಹಾನಿಯೂ ಒಂದು ವರ್ಷಕ್ಕೆ ಮುಗಿಯುವುದಿಲ್ಲ. ಜಗತ್ತಿನ ಪಕ್ಷಿವೀಕ್ಷಕರ ದಾಖಲೆಗಳನ್ನು ಸಂಗ್ರಹಿಸುವ ‘ಇ-ಬರ್ಡ್’ ಕೂಡ 2017ರಿಂದ ಅಪಾಯದಲ್ಲಿರುವ ಕೆಲವು ಹಕ್ಕಿಗಳ ನಿಖರ ಸ್ಥಳವನ್ನು ಮರೆಮಾಡುತ್ತಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೂ ಹಕ್ಕಿಗಳ ಮೊಟ್ಟೆ, ಗೂಡುಗಳಿಗೆ ತೊಂದರೆ ಕೊಡುವುದನ್ನು ‘ಬೇಟೆ’ ಎಂಬ ವ್ಯಾಖ್ಯೆಯೊಳಗೇ ಸೇರಿಸಿದೆ. ಅಭಯಾರಣ್ಯಗಳಿಗೆ ಹೊರಗಿನವರು ಅನುಮತಿಯಿಲ್ಲದೆ ಹೋಗುವಂತೆಯೂ ಇಲ್ಲ.

ಆದುದರಿಂದ ಮಲೆನಾಡಿನ ಶಾಲೆಗಳಿಗೆ ಒಪ್ಪುವ ಆಟ ಕಾಡಿನೊಳಗಿನದಲ್ಲ. ಶಾಲೆಯಿಂದ ಊರಿನ ಕೆರೆಯವರೆಗಿನ ದಾರಿಯದು. ಪೆಟ್ಟಿಗೆ ಬೇಡ, ಪ್ರಶ್ನೆಗಳು ಸಾಕು. ಮಾಘ ಮಾಸದಲ್ಲಿ ಎಲೆಯುದುರಿ ಕೆಂಪಾಗಿ ನಿಂತ ಬೂರುಗದ ಮರ ಮೊದಲ ಬಿಂದುವಾಗಲಿ: ಹತ್ತು ನಿಮಿಷದಲ್ಲಿ ಎಷ್ಟು ಬಗೆಯ ಹಕ್ಕಿಗಳು ಹೂವಿಗೆ ಬಂದವು, ಯಾವುದು ಯಾವುದನ್ನು ಓಡಿಸಿತು? ಎರಡನೆಯದು, ಬೇರೊಂದು ಮರದ ಕವಲಿನಲ್ಲಿ ಚಿಗುರಿರುವ ಆಲದ ಸಸಿ: ನೆಲದಿಂದ ಅಷ್ಟೆತ್ತರಕ್ಕೆ ಬೀಜವನ್ನು ಒಯ್ದವರು ಯಾರು? ಕುಟುರ ಹಕ್ಕಿಯೂ ಪಿಕಳಾರವೂ ಆಗ ಉತ್ತರವಾಗಿ ಬರುತ್ತವೆ. ಮೂರನೆಯದು, ಮಳೆಗಾಲ ಮುಗಿದು ಗೀಜಗಗಳು ಬಿಟ್ಟುಹೋದ ಗೂಡುಗಳ ಮರ: ಪೂರ್ತಿಯಾದ ಗೂಡುಗಳೆಷ್ಟು, ಅರ್ಧಕ್ಕೇ ನಿಂತವೆಷ್ಟು? ಗಂಡು ಗೀಜಗ ಅರ್ಧ ಕಟ್ಟಿ ತೋರಿಸಿದ ಗೂಡನ್ನು ಹೆಣ್ಣು ಒಪ್ಪಿದರೆ ಮಾತ್ರ ಕೆಲಸ ಮುಂದುವರಿಯುತ್ತದೆ ಎಂಬುದನ್ನು ಮಕ್ಕಳು ಎಣಿಸುತ್ತಲೇ ತಿಳಿಯುತ್ತಾರೆ.

ಆಟ ನಡೆಸುವ ಶಿಕ್ಷಕರು ಮೂರು ಕಟ್ಟಳೆಗಳನ್ನು ಮರೆಯಬಾರದು. ಮೊದಲನೆಯದಾಗಿ, ಬಿಂದು ಯಾವಾಗಲೂ ಈಗಾಗಲೇ ಇರುವ ದಾರಿಯ ಮೇಲಿರಬೇಕು. ನೋಡಬೇಕಾದುದು ಅಲ್ಲಿಂದಲೇ ಕಾಣಬೇಕು. ಎರಡನೆಯದಾಗಿ, ಮೊಟ್ಟೆ ಮರಿಗಳಿರುವ ಗೂಡು ಎಂದಿಗೂ ಆಟದ ಬಿಂದುವಾಗಕೂಡದು, ಅದರ ಸ್ಥಳವನ್ನು ಯಾರೂ ಎಲ್ಲಿಯೂ ಹಂಚಕೂಡದು. ಮೂರನೆಯದಾಗಿ, ಜಾಗ ಯಾರದೋ ಅವರ ಒಪ್ಪಿಗೆ ಇರಬೇಕು. ತೋಟವಾದರೆ ತೋಟದವರದು, ದೇವರ ಕಾಡಾದರೆ ಊರಿನವರದು.

ಹುಡುಕುವ ಆಸೆ ಮಕ್ಕಳಲ್ಲಿ ಸಹಜವಾಗಿಯೇ ಇದೆ. ಅದನ್ನು ಯಾರೂ ಕಲಿಸಬೇಕಾಗಿಲ್ಲ. ಕಲಿಸಬೇಕಾದುದು, ಸಿಕ್ಕಿದ ಬಳಿಕ ಎಷ್ಟು ದೂರದಲ್ಲಿ ನಿಲ್ಲಬೇಕು ಎಂಬುದನ್ನು. ಬರುವ ಬೇಸಗೆಯೊಳಗೆ ಪ್ರತಿಯೊಂದು ಶಾಲೆಯೂ ತನ್ನೂರಿನ ಒಂದು ದಾರಿಗೆ ಇಂಥ ಐದು ಪ್ರಶ್ನೆಗಳನ್ನು ಸಿದ್ಧಪಡಿಸಿದರೆ, ಬೂರುಗ ಹೂಬಿಡುವ ಹೊತ್ತಿಗೆ ಆಟವನ್ನು ಆರಂಭಿಸಬಹುದು.