ಅಂಕಿಗೆ ತಕ್ಕ ಚಿತ್ರ

ಕಣ್ಣಿಗೆ ತೋರಿಸಬೇಕಾದ ವಿಷಯವನ್ನು ಈ ಹೊತ್ತು ಕಿವಿಗೆ ಹೇಳಲು ಹೊರಟಿದ್ದೇವೆ. ಕೇಳುವವರು ಒಂದು ತುಂಡು ಕಾಗದವನ್ನೂ ಸೀಸದ ಕಡ್ಡಿಯನ್ನೂ ಕೈಯಲ್ಲಿಟ್ಟುಕೊಂಡರೆ ನಮ್ಮ ಶ್ರಮ ಅರ್ಧಕ್ಕೆ ಇಳಿಯುತ್ತದೆ. ವಿಷಯವಿಷ್ಟು: ಹಲವು ಬಗೆಗಳಿವೆ, ಒಂದೊಂದು ಬಗೆಯ ಎಣಿಕೆಯೂ ವರ್ಷದಿಂದ ವರ್ಷಕ್ಕೆ ಬದಲಾಗುತ್ತಿದೆ, ಇದನ್ನು ಯಾವ ಚಿತ್ರದಿಂದ ತೋರಿಸುವುದು ಸರಿ?

ಕೆಲವು ವರ್ಷಗಳ ಕೆಳಗೆ ತುಂಗಾತೀರದ ಹರಿಹರಪುರದಲ್ಲಿ ಒಂದು ಚಿಕ್ಕ ಸಭೆ ಸೇರಿತ್ತು. ಸಮೀಪದ ಹಳ್ಳಿಯೊಂದರ ಶಾಲೆಗೆ ಹೊಸ ಹೆಂಚು ಹೊದಿಸಲು ಹಣ ಕೂಡಿಸುವ ಮಾತು. ಜನಗಣತಿಯ ಅಂಕಿಗಳನ್ನು ಚಿತ್ರಿಸಿ ತರಬೇಕೆಂದು ನಮಗೆ ಹೇಳಿಕಳುಹಿಸಿದ್ದರು. ಕರ್ನಾಟಕದ ಗ್ರಾಮವಾಸಿಗಳ ಮತ್ತು ಪಟ್ಟಣವಾಸಿಗಳ ಪಾಲನ್ನು ಸಮನಾದ ಎತ್ತರದ ಎರಡು ಕಂಬಗಳಲ್ಲಿ ಬರೆದು ಗೋಡೆಗೆ ತೂಗುಹಾಕಿದೆವು. 2001ರ ಕಂಬದಲ್ಲಿ ಹಳ್ಳಿಗಳ ಪಾಲು ನೂರಕ್ಕೆ 66. 2011ರ ಕಂಬದಲ್ಲಿ 61. ಮುಂದಿನ ಸಾಲಿನಲ್ಲಿದ್ದ ಅಡಕೆ ತೋಟದ ಯಜಮಾನರೊಬ್ಬರು ಅದನ್ನು ಬಹಳ ಹೊತ್ತು ನೋಡಿ, “ಮೇಷ್ಟ್ರೇ, ಹಳ್ಳಿಯ ಜನ ಹೀಗೆ ಕರಗುತ್ತಿರುವಾಗ ಹೆಂಚು ಹೊದಿಸಿ ಯಾರನ್ನು ಕೂರಿಸುವುದು?” ಎಂದರು. ಸಭೆಯೂ ತಲೆದೂಗಿತು.

ತಪ್ಪು ಅವರದಲ್ಲ, ನಮ್ಮದು. ಗ್ರಾಮವಾಸಿಗಳು 2001ರಲ್ಲಿ ಸುಮಾರು 3 ಕೋಟಿ 49 ಲಕ್ಷ. 2011ರಲ್ಲಿ 3 ಕೋಟಿ 75 ಲಕ್ಷ. ಕರಗುವುದಿರಲಿ, 26 ಲಕ್ಷದಷ್ಟು ಹೆಚ್ಚಿದ್ದರು. ಪಟ್ಟಣವಾಸಿಗಳು 1 ಕೋಟಿ 80 ಲಕ್ಷದಿಂದ 2 ಕೋಟಿ 36 ಲಕ್ಷಕ್ಕೆ, ಇನ್ನೂ ವೇಗವಾಗಿ ಏರಿದ್ದರಿಂದ ಹಳ್ಳಿಗಳ ಪಾಲು ಕುಗ್ಗಿತ್ತು. ಪಾಲು ಬೇರೆ, ಎಣಿಕೆ ಬೇರೆ. ಒಂದು ಇಳಿಯುವಾಗ ಇನ್ನೊಂದು ಏರಬಹುದು. ಪಾಲನ್ನು ಮಾತ್ರ ಬರೆದು ಒಟ್ಟು ಮೊತ್ತವನ್ನು ಕಾಣಿಸದೆ ಬಿಟ್ಟ ನಮ್ಮ ಚಿತ್ರ, ಒಂದೂ ಸುಳ್ಳು ಅಂಕಿಯಿಲ್ಲದೆ ಸಭೆಯನ್ನು ದಾರಿ ತಪ್ಪಿಸಿತು.

ಆದುದರಿಂದ ಮೊದಲು ಪ್ರಶ್ನೆಯನ್ನು ಗೊತ್ತುಮಾಡಿಕೊಳ್ಳಬೇಕು. ಚಿತ್ರವನ್ನು ಆಮೇಲೆ ಆರಿಸಬೇಕು. ಮಲೆನಾಡಿನವರಿಗೆ ಪರಿಚಿತವಾದ ಉದಾಹರಣೆಯೊಂದನ್ನು ತೆಗೆದುಕೊಳ್ಳೋಣ. ಅಡಕೆಯನ್ನು ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ವಿಂಗಡಿಸುವುದುಂಟು. ಒಂದು ಮನೆಯ ಕಡತದಲ್ಲಿ ಹತ್ತು ವರ್ಷಗಳ ಮೂಟೆಗಳ ಲೆಕ್ಕ ಬಗೆಬಗೆಯಾಗಿ ಬರೆದಿದೆ ಎಂದಿಟ್ಟುಕೊಳ್ಳಿ. ಒಟ್ಟು ಫಸಲು ಹೇಗೆ ನಡೆದಿದೆ ಎಂಬುದು ಪ್ರಶ್ನೆಯಾದರೆ, ವರ್ಷಕ್ಕೊಂದು ಕಂಬ ನಿಲ್ಲಿಸಿ, ನಾಲ್ಕು ಬಗೆಗಳನ್ನು ಒಂದರ ಮೇಲೊಂದು ಪೇರಿಸಬಹುದು. ಫಸಲಿನಲ್ಲಿ ಯಾವ ಬಗೆಯ ಪಾಲು ಎಷ್ಟು ಎಂಬುದು ಪ್ರಶ್ನೆಯಾದರೆ, ಕಂಬಗಳನ್ನೆಲ್ಲ ಒಂದೇ ಎತ್ತರಕ್ಕೆ ತಂದು ನೂರರ ಲೆಕ್ಕದಲ್ಲಿ ಭಾಗಿಸಿ, ಒಟ್ಟು ಮೂಟೆಗಳನ್ನು ಪ್ರತಿ ಕಂಬದ ನೆತ್ತಿಯಲ್ಲಿ ಬರೆಯಬೇಕು. ಬೆಟ್ಟೆ ಏರಿತೇ ಇಳಿಯಿತೇ ಎಂಬುದು ಪ್ರಶ್ನೆಯಾದರೆ, ಬಗೆಗೊಂದು ಗೆರೆಯೇ ಉತ್ತಮ.

ಪೇರಿಸಿದ ಕಂಬದಲ್ಲಿ ಒಂದು ಮೋಸವಿದೆ. ಕೆಳಗಿನ ಬಗೆಗೆ ಮಾತ್ರ ಸಮನಾದ ನೆಲ. ಉಳಿದವು ಪರರ ಹೆಗಲ ಮೇಲೆ ನಿಂತ ಹುಡುಗರಂತೆ. ಕೆಳಗಿನವನು ಬಗ್ಗಿದರೆ ಮೇಲಿನವನು ಗಿಡ್ಡನಾದಂತೆ ಕಾಣುತ್ತಾನೆ. ಆದುದರಿಂದ ಮುಖ್ಯವಾದ ಬಗೆಯನ್ನು ಬುಡದಲ್ಲಿಡಬೇಕು. ಗೆರೆಗಳಿಗೂ ಮಿತಿಯುಂಟು. ನಾಲ್ಕೈದಕ್ಕೆ ಮೀರಿದರೆ ಸಿಕ್ಕಾದ ನೂಲಿನಂತೆ ಹೆಣೆದುಕೊಳ್ಳುತ್ತವೆ. ಆಗ ಬಗೆಗೊಂದು ಸಣ್ಣ ಚೌಕಟ್ಟು ಮಾಡಿ, ಎಲ್ಲಕ್ಕೂ ಒಂದೇ ಅಳತೆಯನ್ನಿಡುವುದು ಲೇಸು. ವರ್ಷಕ್ಕೊಂದು ವೃತ್ತ ಬರೆದು ರೊಟ್ಟಿಯಂತೆ ಹೋಳು ಮಾಡುವವರಿದ್ದಾರೆ. ಹತ್ತು ರೊಟ್ಟಿಗಳ ಹೋಳುಗಳನ್ನು ಹೋಲಿಸುವುದು ಕಣ್ಣಿಗೆ ಬಲು ಕಷ್ಟ.

ಆದರೂ ವೃತ್ತವನ್ನೇ ಬಳಸಿ ಲೋಕವನ್ನು ಎಚ್ಚರಿಸಿದವರೊಬ್ಬರುಂಟು. ಫ್ಲಾರೆನ್ಸ್ ನೈಟಿಂಗೇಲ್ 1858ರಲ್ಲಿ ಪ್ರಕಟಿಸಿದ ಚಿತ್ರದಲ್ಲಿ ಕ್ರಿಮಿಯಾ ಯುದ್ಧದ ಸೈನಿಕರ ಮರಣಗಳನ್ನು ತಿಂಗಳಿಗೊಂದು ಹೋಳಾಗಿ, ಕಾರಣಕ್ಕೊಂದು ಬಣ್ಣವಾಗಿ ತೋರಿಸಿದರು. 1855ರ ಜನವರಿಯಲ್ಲಿ ಗಾಯಗಳಿಂದ ಸತ್ತವರು 83 ಮಂದಿ. ತಡೆಯಬಹುದಾಗಿದ್ದ ರೋಗಗಳಿಂದ ಸತ್ತವರು 2,761. ಅಂತರ ಇಷ್ಟು ದೊಡ್ಡದಾಗಿದ್ದುದರಿಂದ ಆ ಚಿತ್ರದ ಮಾತು ಎಲ್ಲರಿಗೂ ಕೇಳಿಸಿತು. ಸಣ್ಣ ಏರಿಳಿತಗಳನ್ನು ಅಳೆಯಬೇಕಾದವರಿಗೆ ಸಾಧಾರಣವಾದ ಗೆರೆಯೇ ಹೆಚ್ಚು ನಂಬಿಗಸ್ತ.

ಅಳತೆಯ ವಿಷಯ ಇನ್ನೊಂದು ಮಾತು. ನಮ್ಮ ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆ 2001ರಲ್ಲಿ 11,40,905, 2011ರಲ್ಲಿ 11,37,961. ಕಂಬದ ಬುಡವನ್ನು ಸೊನ್ನೆಯಲ್ಲಿಡದೆ 11 ಲಕ್ಷದ 37 ಸಾವಿರದಲ್ಲಿಟ್ಟರೆ ಜಿಲ್ಲೆಯ ಮುಕ್ಕಾಲು ಪಾಲು ಬರಿದಾದಂತೆ ಕಾಣುತ್ತದೆ. ನಿಜವಾಗಿ ಕಡಿಮೆಯಾದವರು 2,944 ಮಂದಿ. ಸಾವಿರಕ್ಕೆ ಮೂವರೂ ಅಲ್ಲ. ಕಂಬಗಳು ಸೊನ್ನೆಯಿಂದಲೇ ಏಳಬೇಕು. 2021ರಲ್ಲಿ ಗಣತಿ ನಡೆಯಲಿಲ್ಲವಾಗಿ ಆ ಸ್ಥಳವನ್ನು ಬರಿದಾಗಿಯೇ ಬಿಡಬೇಕು. ಊಹೆಯ ಕಂಬವನ್ನು ಅಲ್ಲಿ ನಿಲ್ಲಿಸಬಾರದು.

ಈ ಅಂಕಿಗಳನ್ನು ನೋಡಿದ ಮೇಲೆ ಯಜಮಾನರ ಆತಂಕ ಬುಡವಿಲ್ಲದ್ದಲ್ಲವೆಂದು ನಮಗೆ ಅರಿವಾಯಿತು. ರಾಜ್ಯದಲ್ಲಿ ಹಳ್ಳಿಯ ಜನ ಹೆಚ್ಚಿದ್ದರೂ ನಮ್ಮ ಜಿಲ್ಲೆ ತುಸು ಕುಗ್ಗಿತ್ತು. ಆದರೆ ಹೆಂಚಿನ ಪ್ರಶ್ನೆಗೆ ಉತ್ತರ ರಾಜ್ಯದ ಗಣತಿಯಲ್ಲಿಯೂ ಇಲ್ಲ, ಜಿಲ್ಲೆಯ ಗಣತಿಯಲ್ಲಿಯೂ ಇಲ್ಲ. ಆ ಶಾಲೆಯ ಹಾಜರಿ ಪುಸ್ತಕದಲ್ಲಿದೆ. ಮುಂದಿನ ಸಭೆಗೆ ಅದನ್ನೇ ತರಿಸಿ, ತರಗತಿಗೊಂದು ಗೆರೆ ಎಳೆದು ತೋರಿಸಿದೆವು. ಮೇಲಿನ ತರಗತಿಗಳ ಗೆರೆಗಳು ಇಳಿದಿದ್ದವು. ದೊಡ್ಡ ಮಕ್ಕಳು ಕೊಪ್ಪಕ್ಕೆ ಹೋಗಲಾರಂಭಿಸಿದ್ದರು. ಕೆಳಗಿನ ತರಗತಿಗಳ ಗೆರೆಗಳು ಮಾತ್ರ ವರ್ಷವರ್ಷವೂ ಒಂದೇ ಮಟ್ಟದಲ್ಲಿ ನಡೆದಿದ್ದವು. ಯಜಮಾನರು ಬೆರಳಿನಿಂದ ಆ ಗೆರೆಗಳನ್ನು ಮೆಲ್ಲನೆ ಸವರಿಕೊಂಡು ಹೋದರು. “ಹಾಗಾದರೆ ಚಿಕ್ಕ ಮಕ್ಕಳ ಎರಡು ಕೋಣೆಗೆ ಮೊದಲು ಹೆಂಚು ಬರಲಿ, ಮಳೆ ಹತ್ತಿರವಾಯಿತು” ಎಂದರು.

ಮಳೆಗಾಲಕ್ಕೆ ಮುಂಚೆ ಆ ಎರಡು ಕೋಣೆಗಳಿಗೂ ಹೆಂಚು ಬಂದಿತು.