ಮನೆಯ ಮಾತು, ಶಾಲೆಯ ಮಾತು



ಶತಮಾನೋತ್ಸವದ ಈ ಸಭೆಯಲ್ಲಿ ದೂರದ ಒಂದು ನುಡಿಯ ವಿಚಾರವನ್ನು ತಮ್ಮ ಮುಂದಿಡಲು ಬಯಸುತ್ತೇವೆ. ಅದು ಸ್ಕಾಟ್ಲೆಂಡಿನ ತಗ್ಗುನಾಡಿನ ಸ್ಕಾಟ್ಸ್ ಭಾಷೆ. ಇಂಗ್ಲಿಷಿನೊಡನೆ ಒಂದೇ ಬೇರಿನಿಂದ ಕವಲೊಡೆದ ಈ ನುಡಿಯನ್ನು ಕೆಟ್ಟ ಇಂಗ್ಲಿಷೆಂದು ಹೀಗಳೆದವರು ಹಲವರು. ಅದರ ಶಬ್ದಸಂಪತ್ತನ್ನು ಕಂಡವರು ಆ ಮಾತನ್ನು ಒಪ್ಪಲಾರರು.

ಬಲು ನವುರಾದ ತುಂತುರು ಮಳೆಗೆ ಅಲ್ಲಿ ‘ಸ್ಮಿರ್’ ಎಂದು ಹೆಸರು. ಪೂರ್ವ ಕರಾವಳಿಗೆ ಕಡಲಿನಿಂದ ತೇಲಿಬರುವ ತಣ್ಣನೆಯ ಮಂಜು ‘ಹಾರ್’. ಮೋಡ ಕವಿದು, ತೇವ ಹಿಡಿದು, ಮನಸ್ಸನ್ನೂ ಮಂಕಾಗಿಸುವ ದಿನ ‘ಡ್ರೀಖ್’; ಮುಗಿಯದ ಧರ್ಮೋಪದೇಶಕ್ಕೂ ಅದೇ ವಿಶೇಷಣ ಸಲ್ಲುತ್ತದೆ. ನಮ್ಮ ಭಾಷಣ ಹಾಗಾಗದಿರಲಿ! ತಿರುಚಿಕೊಂಡ ಮರವೂ ‘ಥ್ರಾನ್’, ಯಾರು ಹೇಳಿದರೂ ಜಗ್ಗದ ಹಟಮಾರಿಯೂ ‘ಥ್ರಾನ್’. ‘ಬೇರ್ನ್’ ಎಂದರೆ ಮಗು. ‘ಡಾಮಿನಿ’ ಎಂದರೆ ಶಾಲೆಯ ಮೇಷ್ಟ್ರು; ಒಡೆಯನೇ ಎಂಬ ಲ್ಯಾಟಿನ್ ಸಂಬೋಧನೆಯಿಂದ ಬಂದ ಪದವದು. ‘ಗ್ರೀಟ್’ ಎಂದರೆ ಇಂಗ್ಲಿಷಿನಲ್ಲಿ ವಂದಿಸುವುದು, ಸ್ಕಾಟ್ಸಿನಲ್ಲಿ ಅಳುವುದು.

1872ರ ಕಾಯಿದೆಯಿಂದ ಶಿಕ್ಷಣ ಕಡ್ಡಾಯವಾಯಿತು. ಆದರೆ ಶಾಲೆಯೊಳಗೆ ಈ ಮಾತುಗಳಿಗೆ ಎಡೆ ದೊರೆಯಲಿಲ್ಲ. ಮನೆಯ ಮಾತನ್ನಾಡಿದ ಮಕ್ಕಳು ಎಷ್ಟೋ ಕಡೆ ಪೆಟ್ಟು ತಿಂದರು. ಶಬ್ದಗಳನ್ನು ಕಾಪಿಟ್ಟವರು ಮನೆಮಂದಿ ಮತ್ತು ಕೋಶಕಾರರು. ಜಾನ್ ಜೇಮಿಸನ್ ಎಂಬ ಪಾದ್ರಿಯ ನಿಘಂಟು 1808ರಲ್ಲಿ ಪ್ರಕಟವಾಯಿತು. ಹತ್ತು ಸಂಪುಟಗಳ ಸ್ಕಾಟಿಷ್ ರಾಷ್ಟ್ರೀಯ ನಿಘಂಟು 1931ರಲ್ಲಿ ಹೊರಬರತೊಡಗಿ 1976ರಲ್ಲಿ ಪೂರ್ಣಗೊಂಡಿತು. 2011ರ ಜನಗಣತಿಯು ಮೊದಲ ಬಾರಿಗೆ ಈ ಭಾಷೆಯನ್ನು ಕುರಿತು ಪ್ರಶ್ನಿಸಿದಾಗ, ತಾವು ಅದನ್ನು ಆಡಬಲ್ಲೆವೆಂದು 15 ಲಕ್ಷಕ್ಕೂ ಮಿಕ್ಕ ಜನರು ಉತ್ತರಿಸಿದರು. 2025ರಲ್ಲಿ ಅಲ್ಲಿನ ಶಾಸನಸಭೆ ಅದಕ್ಕೆ ಅಧಿಕೃತ ಸ್ಥಾನವನ್ನಿತ್ತಿತು.

ಈ ಕಥೆ ಕಾಸರಗೋಡಿನ ನಮಗೆ ಪರಕೀಯವಲ್ಲ. 1956ರ ನವೆಂಬರ್ 1ರಿಂದ ಕೇರಳದ ಪ್ರಜೆಗಳಾಗಿ ಕನ್ನಡಕ್ಕೆ ಮನ್ನಣೆ ಕೇಳುತ್ತಿರುವವರು ನಾವು. ನಮ್ಮ ಮಕ್ಕಳಾದರೋ ತುಳು, ಕೊಂಕಣಿ, ಹವ್ಯಕ ಕನ್ನಡ, ಮಲೆಯಾಳಗಳನ್ನು ನಾಲಗೆಯಲ್ಲಿ ಹೊತ್ತು ತರಗತಿಗೆ ಬರುತ್ತಾರೆ. ಆ ಮಾತುಗಳನ್ನು ಬಾಗಿಲಲ್ಲೇ ತಡೆದರೆ ನಮ್ಮ ಬೇಡಿಕೆಗೆ ನೈತಿಕ ಬಲವೆಲ್ಲಿಯದು? ಮಳೆಯನ್ನು ‘ಬರ್ಸ’ ಎಂದ ಮಗುವಿಗೆ ತಪ್ಪೆನ್ನದೆ, ಕರಿಹಲಗೆಯ ಮೇಲೆ ಎರಡು ಪದಗಳನ್ನೂ ಜೊತೆಜೊತೆಯಾಗಿ ಬರೆಯೋಣ. ಅಜ್ಜ ಅಜ್ಜಿಯರಿಂದ ವಾರಕ್ಕೊಂದು ಶಬ್ದವನ್ನು ಅರ್ಥಸಹಿತ ಕೇಳಿ ತರುವಂತೆ ಮಕ್ಕಳಿಗೆ ಹೇಳೋಣ. ಮನೆಯ ಮಾತಿಗೆ ನಾಚದ ಮಗು ಕನ್ನಡವನ್ನೂ ಅಳುಕಿಲ್ಲದೆ ಕಲಿತೀತು. ಎರಡನೆಯ ಶತಮಾನಕ್ಕೆ ಕಾಲಿಡುವ ಈ ಶಾಲೆಗೆ ಇದಕ್ಕಿಂತ ಯೋಗ್ಯವಾದ ಸಂಕಲ್ಪ ನಮಗೆ ಕಾಣದು.